ಹಳ್ಳದ ನೀರನ್ನು ದಿಬ್ಬ ಹತ್ತಿಸಿದ್ದು

ನಾನು ಬೊಮ್ಮಸಂದ್ರದ ಒಂದು ಸಣ್ಣ ಶೆಡ್ಡಿನಲ್ಲಿ ವಾಲ್ವ್ ಪರೀಕ್ಷೆ ಮಾಡುವವಳು. ವಾಲ್ವಿನ ಎರಡೂ ಬಾಯಿ ಮುಚ್ಚಿ, ಒಳಗೆ ನೀರು ತುಂಬಿ, ಒತ್ತಡ ಏರಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವುದು ಕೆಲಸ. ನೋಡುವವರಿಗೆ ಇದರಲ್ಲಿ ಹೆದರುವಂಥದ್ದು ಏನೂ ಕಾಣುವುದಿಲ್ಲ. ಒಮ್ಮೆ ಒಂದು ಕಬ್ಬಿಣದ ಮುಚ್ಚಳ ಕಿತ್ತುಕೊಂಡು ನನ್ನ ಕಿವಿಯ ಪಕ್ಕದಿಂದ ಹಾರಿ, ಹಿಂದಿದ್ದ ತಗಡಿನ ಗೋಡೆಯನ್ನು ತೂರಿಕೊಂಡು ಹೊರಗೆ ಬಿತ್ತು. ಸದ್ದು ಆಮೇಲೆ ಕೇಳಿಸಿದಂತಾಯಿತು. ಮೊದಲು ಕಂಡದ್ದು ಗೋಡೆಯ ತೂತಿನಿಂದ ಒಳಗೆ ಬಿದ್ದ ಬಿಸಿಲಿನ ಒಂದು ದುಂಡು ಚೂರು. ಅದು ನನ್ನ ತಲೆಯಷ್ಟೇ ಎತ್ತರದಲ್ಲಿತ್ತು. ಮರುದಿನವೂ ಅದೇ ಮೇಜಿನ ಮುಂದೆ ನಿಂತೆ, ಇವತ್ತಿಗೂ ನಿಲ್ಲುತ್ತೇನೆ. ಆದರೆ ಅಂದಿನಿಂದ ಪೈಪಿನೊಳಗೆ ಸಿಕ್ಕಿಬಿದ್ದ ನೀರು ಎಂದರೆ ನನಗೆ ಭಯ.

ಇಂಥ ನಾನು ನಮ್ಮ ಅತ್ತೆಯ ಹಸುಗಳಿಗಾಗಿ, ಒತ್ತಡದಿಂದಲೇ ನಡೆಯುವ ಒಂದು ಪಂಪನ್ನು ಕೈಯಾರೆ ಕಟ್ಟಿದೆ.

ನಮ್ಮೂರು ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಬರುತ್ತದೆ. ಊರಿನ ಹೆಚ್ಚಿನವರು ಹೊಲವಿದ್ದ ಕಡೆ ಬಾಡಿಗೆ ಕೋಣೆಗಳನ್ನು ಕಟ್ಟಿದ್ದಾರೆ. ನಾವೂ ಮನೆಯ ಹಿಂದೆ ನಾಲ್ಕು ಕೋಣೆ ಕಟ್ಟಿದೆವು. ಆದರೆ ಅತ್ತೆ ಹಸು ಬಿಡಲಿಲ್ಲ. ಊರಾಚೆ ಗೋಮಾಳದ ದಿಬ್ಬ ಒಂದು ಉಳಿದಿದೆ. ಒಂದು ಪಕ್ಕ ಬಡಾವಣೆಯ ಕಾಂಪೌಂಡು, ಇನ್ನೊಂದು ಪಕ್ಕ ಹಳೆಯ ಕಲ್ಲುಕ್ವಾರಿ, ನಡುವೆ ಹುಲ್ಲು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿದ ಮೇಲೆ ಅತ್ತೆ ಹಸುಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋದರೆ ಇಳಿಹೊತ್ತಿಗೇ ವಾಪಸು.

ದಿಬ್ಬದ ಕೆಳಗೆ ಹಳ್ಳ ಹರಿಯುತ್ತದೆ. ಕೆರೆಯಿಂದ ಬರುವ ನೀರು, ಬೇಸಿಗೆಯಲ್ಲೂ ಸಣ್ಣಗೆ ಇರುತ್ತದೆ. ಹಸುಗಳು ಅಲ್ಲೇ ಇಳಿದು ಕುಡಿಯುತ್ತಿದ್ದವು. ಆಮೇಲೆ ಹಳ್ಳವನ್ನು ರಾಜಕಾಲುವೆ ಎಂದು ಕರೆದು ಎರಡೂ ಬದಿಗೆ ಆಳೆತ್ತರಕ್ಕೂ ಮೀರಿದ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ಇಳಿಯಲು ಗೋಡೆಗೆ ಹುಗಿದ ಕಬ್ಬಿಣದ ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇಲ್ಲ. ನೀರಿನ ವಾಸನೆ ಹಿಡಿದು ಬಂದ ನಮ್ಮ ಕೆಂದಹಸು ಗೋಡೆಯ ಅಂಚಿನಿಂದ ಕೆಳಗೆ ಬಿತ್ತು. ಮುಂಗಾಲು ಮುರಿದಿತ್ತು. ಜೆಸಿಬಿ ತರಿಸಿ ಮೇಲಕ್ಕೆತ್ತುವಷ್ಟರಲ್ಲಿ ಅದರ ಜೀವ ಹೋಗಿತ್ತು. ಅಲ್ಲಿಯವರೆಗೆ ಅದು ಕೂಗಿದ ಕೂಗನ್ನು ನಾನು ಇಲ್ಲಿ ಬರೆಯಲಾರೆ.

ಅದಾದ ಮೇಲೆ ಅತ್ತೆ ಮನೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತರು. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೊಂದು, ಸೊಂಟದಲ್ಲೊಂದು. ದಿಬ್ಬಕ್ಕೆ ಕರೆಂಟು ಎಳೆಯಲು ಗೋಮಾಳ ಎಂಬ ಕಾರಣಕ್ಕೆ ಒಪ್ಪಿಗೆ ಸಿಗಲಿಲ್ಲ. ಡೀಸೆಲ್ ಮೋಟರು ಇಟ್ಟರೆ ಎರಡನೇ ದಿನಕ್ಕೆ ಕಳ್ಳರ ಪಾಲು.

ನಮ್ಮ ಹಿಂದಿನ ಕೋಣೆಯಲ್ಲಿ ಕಲಬುರಗಿ ಕಡೆಯ ಒಬ್ಬ ವೆಲ್ಡರ್ ಬಾಡಿಗೆಗೆ ಇದ್ದ, ನನಗಿಂತ ಸ್ವಲ್ಪ ಚಿಕ್ಕವನು. ಒಂದು ಭಾನುವಾರ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಎಲ್ಲಿಯದೋ ಬೆಟ್ಟದ ಊರು. ತೊರೆಯ ಪಕ್ಕದಲ್ಲಿ ಒಂದು ಪೈಪು ಟಕ್ ಟಕ್ ಎನ್ನುತ್ತಿದೆ, ಮೇಲೆ ಹುಲ್ಲುಗಾವಲಿನ ತೊಟ್ಟಿಗೆ ನೀರು ಬೀಳುತ್ತಿದೆ.

"ಕರೆಂಟ್ ಇಲ್ಲ, ಡೀಸೆಲ್ ಇಲ್ಲ, ನೋಡ್ರಿ ಅಕ್ಕಾರ. ರ್ಯಾಮ್ ಪಂಪ್ ಅಂತಾರ ಇದಕ್ಕ. ನೀರ ನೀರನ್ನ ದೂಕ್ತದ," ಎಂದ.

ನನಗೆ ನೋಡಿದ ಕೂಡಲೇ ಅರ್ಥವಾಯಿತು, ಭಯವೂ ಆಯಿತು. ಓಡುವ ನೀರಿನ ಎದುರು ವಾಲ್ವನ್ನು ದಿಢೀರನೆ ಮುಚ್ಚಿದರೆ ನೀರು ಸುತ್ತಿಗೆಯ ಹಾಗೆ ಪೈಪಿಗೆ ಗುದ್ದುತ್ತದೆ. ನಮ್ಮ ಶೆಡ್ಡಿನಲ್ಲಿ ಹಾಗಾಗದಂತೆ ನೋಡಿಕೊಳ್ಳಲೆಂದೇ ಸಂಬಳ ಕೊಡುತ್ತಾರೆ. ಇಲ್ಲಿ ಬೇಕೆಂದೇ ಗುದ್ದಿಸುವುದು. ಆ ಗುದ್ದಿಗೆ ಸ್ವಲ್ಪ ನೀರು ಇನ್ನೊಂದು ವಾಲ್ವಿನಿಂದ ಗಾಳಿ ತುಂಬಿದ ಒಂದು ಡಬ್ಬಿಗೆ ನುಗ್ಗುತ್ತದೆ. ಅಲ್ಲಿ ಅಮುಕಿಕೊಂಡ ಗಾಳಿ ಅದನ್ನು ಸಣ್ಣ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಮೊದಲ ವಾಲ್ವು ತಾನಾಗಿ ಬಿಚ್ಚಿಕೊಂಡು ಮತ್ತೆ ಮುಚ್ಚುತ್ತದೆ. ಹಗಲೂ ರಾತ್ರಿ ಅದೇ.

"ಬೇಡ," ಎಂದೆ. "ಗಾಳಿ ತುಂಬಿದ ಡಬ್ಬಿ ಅದು. ಸಿಡಿದ್ರೆ ಯಾರ್ ಜವಾಬ್ದಾರಿ?"

ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ ಅತ್ತೆ ಕೇಳಿದರು: "ಅದು ಸಿಡ್ಯೋ ಮಾತು ಆಮ್ಯಾಕೆ. ನೀರು ದಿಬ್ಬ ಅತ್ತುತ್ತೋ ಇಲ್ವೋ, ಅಷ್ಟು ಏಳು."

"ಹತ್ತುತ್ತೆ ಅತ್ತೆ."

"ಅತ್ತುತ್ತೆ ಅಂದ್ರೆ ಕಟ್ಟು."

ಕಟ್ಟತೊಡಗಿದೆವು. ವೆಲ್ಡರ್ ಒಂದು ಹಳೆಯ ಬೆಂಕಿ ಆರಿಸುವ ಸಿಲಿಂಡರ್ ತಂದು ಗಾಳಿಯ ಡಬ್ಬಿಗೆ ಇದೇ ಆಗುತ್ತದೆ ಎಂದ. ತಳ ತುಕ್ಕು ಹಿಡಿದಿತ್ತು. ನಾನು ಅದನ್ನು ಮುಟ್ಟಲೂ ಇಲ್ಲ. ದಪ್ಪ ಜಿಐ ಪೈಪಿನ ಒಂದು ತುಂಡು ತಂದು, ಮೇಲೆ ಮುಚ್ಚಳ ಬೆಸೆಸಿ, ಬೇಕಾಗುವುದರ ಹತ್ತು ಪಟ್ಟು ಒತ್ತಡಕ್ಕೆ ನನ್ನದೇ ಮೇಜಿನ ಮೇಲೆ ಪರೀಕ್ಷೆ ಮಾಡಿದೆ. ಶೆಡ್ಡಿನ ಮೇಸ್ತ್ರಿ ನಕ್ಕರು. "ಏನಮ್ಮಾ, ಹಸುಗೆ ನೀರ್ ಕುಡ್ಸಕ್ಕಾ, ರಾಕೆಟ್ ಬಿಡಕ್ಕಾ?" ಎಂದರು. ದಿಬ್ಬದ ಎತ್ತರಕ್ಕೆ ಬೇಕಾದ ಒತ್ತಡ ನಮ್ಮ ಶೆಡ್ಡಿನ ಲೆಕ್ಕದಲ್ಲಿ ಏನೂ ಅಲ್ಲ ಎಂದು ನನಗೂ ಗೊತ್ತಿತ್ತು. ಗೊತ್ತಿರುವುದರಿಂದ ಭಯ ಕಡಿಮೆಯಾಗುತ್ತದೆ ಎನ್ನುವವರಿಗೆ ಭಯ ಗೊತ್ತಿಲ್ಲ.

ಕಾಲುವೆಯ ಒಳಗೆ ಅಡ್ಡಲಾಗಿ ಎದೆಮಟ್ಟದ ಒಂದು ಒಡ್ಡು ಇತ್ತು. ಅದರ ಹಿಂದೆ ನಿಂತ ನೀರಿಗೆ ಪೈಪಿನ ಬಾಯಿ ಇಟ್ಟು, ಬಾಯಿಗೆ ಜಾಲರಿ ಕಟ್ಟಿದೆವು. ಪೈಪನ್ನು ಒಡ್ಡಿನ ಮೇಲಿಂದ ತಂದು, ಒಂದಷ್ಟು ಮುಂದಕ್ಕೆ, ತಳದಲ್ಲಿ ಒಂದು ಕಲ್ಲುಚಪ್ಪಡಿಯ ಮೇಲೆ ಪಂಪನ್ನು ಕೂರಿಸಿ ಬೋಲ್ಟ್ ಹಾಕಿದೆವು. ಅಲ್ಲಿಂದ ತೆಳ್ಳನೆಯ ಕಪ್ಪು ಪೈಪು ಗೋಡೆ ಹತ್ತಿ, ಅಂಚಿನಲ್ಲಿದ್ದ ಹೊಂಗೆಮರಕ್ಕೆ ತಂತಿಯಲ್ಲಿ ಕಟ್ಟಿಸಿಕೊಂಡು, ದಿಬ್ಬದ ಮೇಲಿನ ಸಿಮೆಂಟ್ ತೊಟ್ಟಿಗೆ ಹೋಯಿತು. ಒಂದು ಸುರುಳಿ ಸಾಲದೆ, ಮರಕ್ಕೂ ಗೋಡೆಗೂ ನಡುವೆ ಎರಡು ಪೈಪನ್ನು ಜೋಡಿಸಬೇಕಾಯಿತು. ಆ ಜೋಡಣೆಯನ್ನು ಬಿಗಿ ಮಾಡಿದವಳು ನಾನು.

ಚಾಲೂ ಮಾಡುವಾಗ ನೀರು ಹೊರಚೆಲ್ಲುವ ಆ ಮೊದಲ ವಾಲ್ವಿನ ಹಿತ್ತಾಳೆಯ ಮುಚ್ಚಳವನ್ನು ಕೈಯಿಂದ ಮತ್ತೆ ಮತ್ತೆ ಒತ್ತಬೇಕು. ಮೇಲಿನ ಪೈಪು ತುಂಬುವವರೆಗೆ ಅದು ತಾನಾಗಿ ನಡೆಯುವುದಿಲ್ಲ. ನಾನು ಬಗ್ಗಿ ಒತ್ತಿದೆ. ಒತ್ತಿದ ಬೆರಳಿನ ಕೆಳಗೆ ಅದು ಬಡಿದು ಮುಚ್ಚಿತು. ಪೈಪು ಪೂರ್ತಿ ನಡುಗಿತು, ಕಲ್ಲು ನಡುಗಿತು, ನನ್ನ ಅಂಗಾಲಿನವರೆಗೂ ಬಂತು. ಮುಖವನ್ನು ಒಂದು ಕಡೆಗೆ ತಿರುಗಿಸಿಕೊಂಡು, ಕಣ್ಣು ಮುಚ್ಚಿ, ಮತ್ತೆ ಒತ್ತಿದೆ. ಪ್ರತಿ ಬಡಿತಕ್ಕೂ ಮುಂದಿನದರಲ್ಲಿ ಸಿಡಿದೇಬಿಡುತ್ತದೆ ಎಂದುಕೊಂಡೆ. ಕೊನೆಗೆ ಕೈ ತೆಗೆದರೂ ಅದು ಬಡಿದುಕೊಳ್ಳುತ್ತಲೇ ಇತ್ತು. ದಿಬ್ಬದ ಮೇಲಿಂದ ವೆಲ್ಡರ್ ಕೂಗಿದ: "ಬಂತ್ರೀ ಅಕ್ಕಾರ! ನೀರ್ ಬಂತು!"

ಬೆರಳು ದಪ್ಪದ ಧಾರೆ. ಅಷ್ಟೇ. ಆದರೆ ನಿಲ್ಲದ ಧಾರೆ. ಬೆಳಗಾಗುವಷ್ಟರಲ್ಲಿ ತೊಟ್ಟಿ ತುಂಬಿ ಚೆಲ್ಲುತ್ತಿತ್ತು. ಹಸುಗಳು ಮೊದಲು ದೂರ ನಿಂತು ಮೂಸಿದವು, ಆಮೇಲೆ ಒಂದರ ಮೇಲೊಂದು ಬಿದ್ದು ಕುಡಿದವು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದರು.

ನನಗೆ ಮಾತ್ರ ನೆಮ್ಮದಿ ಬರಲಿಲ್ಲ. ಶೆಡ್ಡಿನಲ್ಲಿ ಒತ್ತಡ ಏರಿಸಿದ ವಾಲ್ವಿನ ಪಕ್ಕ ಯಾರಾದರೂ ಇರುತ್ತಾರೆ. ಇದರ ಪಕ್ಕ ಯಾರೂ ಇರಲಿಲ್ಲ. ನಾನು ಊಟ ಮಾಡುವಾಗಲೂ ಬಸ್ಸಿನಲ್ಲಿ ನಿಂತಾಗಲೂ ಅದು ಆ ಗೋಡೆಗಳ ನಡುವೆ ಒಂದೇ ಸಮನೆ ಬಡಿದುಕೊಳ್ಳುತ್ತಿದೆ ಎಂಬುದನ್ನು ಮರೆಯಲಾಗುತ್ತಿರಲಿಲ್ಲ. ಸಿಡಿಯುವುದೇ ಆದರೆ ಯಾರೂ ಪಕ್ಕದಲ್ಲಿಲ್ಲದಾಗ ಸಿಡಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಜಾಲರಿಗೆ ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡಾಗ ಪಂಪು ನಿಲ್ಲುತ್ತಿತ್ತು. ನಿಂತಾಗ ಇಳಿದು ಬಿಡಿಸಿ, ಮತ್ತೆ ವಾಲ್ವು ಒತ್ತಿ ಚಾಲೂ ಮಾಡಬೇಕು. ನಾನಿಲ್ಲದಾಗ ಅತ್ತೆಯೇ ಇಳಿಯುತ್ತಿದ್ದರು. ಬೇಡ ಎಂದರೆ ಕೇಳುತ್ತಿರಲಿಲ್ಲ.

ನಾನು ಹೆದರಿದ್ದು ಪಂಪಿಗೆ. ಅಪಾಯ ಬಂದದ್ದು ಬೇರೆ ಕಡೆಯಿಂದ.

ಅದೊಂದು ಭಾನುವಾರ ಮಧ್ಯಾಹ್ನ. ನಮ್ಮ ದಿಬ್ಬದ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಕಡೆ ಆಕಾಶ ಕಪ್ಪಾಗಿತ್ತು. ಆದರೆ ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ವೆಲ್ಡರ್ ಮೇಲೆ ತೊಟ್ಟಿಯ ಬಿರುಕಿಗೆ ಸಿಮೆಂಟ್ ಮೆತ್ತುತ್ತಿದ್ದ. ಪಂಪು ನಿಂತಿತು. ನಾನು ಬೋಲ್ಟ್ ಬಿಗಿಸುವ ಸ್ಪ್ಯಾನರ್ ತರಲು ಮರದ ಬುಡಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಇಳಿದುಬಿಟ್ಟಿದ್ದರು.

ಗೋಡೆಯ ಅಂಚಿನಲ್ಲಿ ನಿಂತು ನೋಡಿದೆ. ಜಾಲರಿ ಬಿಡಿಸಿಯಾಗಿತ್ತು. ಅವರು ಒಡ್ಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ವಾಲ್ವನ್ನು ಒತ್ತುತ್ತಿದ್ದರು. ಆಗ ಒಂದು ವಾಸನೆ ಬಂತು, ಒದ್ದೆ ಮಣ್ಣು ಮತ್ತು ಡೀಸೆಲ್ ಸೇರಿದಂಥ ವಾಸನೆ. ತಲೆಯೆತ್ತಿದರೆ ಕಾಲುವೆಯ ತಿರುವಿನಲ್ಲಿ ಕಂದು ಬಣ್ಣದ್ದೇನೋ ಗೋಡೆಯಿಂದ ಗೋಡೆಗೆ ತುಂಬಿಕೊಂಡು ಬರುತ್ತಿತ್ತು. ಮೇಲೆ ಥರ್ಮಾಕೋಲ್, ಬಾಟಲಿ, ಒಂದು ಪ್ಲಾಸ್ಟಿಕ್ ಕುರ್ಚಿ. ಮೇಲಿನ ಬಡಾವಣೆಗಳ ಚಾವಣಿ, ರಸ್ತೆಗಳ ಮೇಲೆ ಬಿದ್ದ ಮಳೆ ಎಲ್ಲೂ ಇಂಗದೆ ಒಟ್ಟಿಗೇ ಇಳಿದು ಬಂದಿತ್ತು.

"ಅತ್ತೆ! ಮೇಲೆ ಬನ್ನಿ! ನೀರು!"

ಅವರು ತಿರುಗದೆ ಒಂದು ಕೈ ಎತ್ತಿದರು. ತಡಿ, ಇನ್ನೇನು ಆಯಿತು ಎಂಬ ಹಾಗೆ. ಒಡ್ಡಿನಿಂದ ಬೀಳುವ ನೀರಿನ ಸದ್ದಿನಲ್ಲಿ ನನ್ನ ಮಾತು ಕೇಳಿಸಿರಲಿಲ್ಲ. ಅಷ್ಟರಲ್ಲಿ ಪಂಪು ಚಾಲೂ ಆಗಿ ಟಕ್ ಟಕ್ ಎನ್ನತೊಡಗಿತು. ಅವರು ಎದ್ದು ನಿಂತು ನನ್ನ ಕಡೆ ನೋಡಿ ನಕ್ಕರು. ಆ ನಗು ಮುಖದ ಮೇಲಿರುವಾಗಲೇ ಒಡ್ಡು ಕಾಣದಾಯಿತು.

ಸೊಂಟದವರೆಗೆ, ಮರುಕ್ಷಣ ಎದೆಯವರೆಗೆ. ಕಾಲು ಕಿತ್ತುಹೋಯಿತು. ಅವರು ಒಂದು ಕೂಗನ್ನೂ ಕೂಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಗೋಡೆ ಹತ್ತುತ್ತಿದ್ದ ಕಪ್ಪು ಪೈಪು. ಅದೇ ಹೊತ್ತಿಗೆ ಕೆಳಗೆ ಬೋಲ್ಟುಗಳು ಕಿತ್ತು ಪಂಪು ಹೋಯಿತು. ಪೈಪಿನ ಕೆಳತುದಿಯನ್ನು ಅದು ಎಳೆದುಕೊಂಡು ಹೋದಾಗ ನಡುವೆ ಜೋತುಬಿದ್ದ ಅತ್ತೆ ಗೋಡೆಗೆ ಬಡಿದುಕೊಂಡರು. ತಲೆ ಒಮ್ಮೆ ಮುಳುಗಿತು. ಮತ್ತೆ ಮೇಲೆ ಬಂತು.

ನಾನು ವೆಲ್ಡರನ ಹೆಸರು ಹಿಡಿದು ಕೂಗಿದೆ. ಕೂಗು ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ. ಪೈಪು ಮರದಿಂದ ಬಿಗಿದು ತಂತಿಯ ಹಾಗೆ ನಿಂತಿತ್ತು. ಮರಕ್ಕೂ ಗೋಡೆಗೂ ನಡುವೆ ನನ್ನ ಕಣ್ಣ ಮುಂದೆ ಆ ಜೋಡಣೆ. ಒಳಗಿನ ನೀರಿನ ಒತ್ತಡ ತಡೆಯಲೆಂದು ಹಾಕಿದ್ದು ಅದು. ಒಂದು ಜೀವದ ಭಾರ ಎಳೆಯುತ್ತದೆ ಎಂದು ಯಾರು ಲೆಕ್ಕ ಹಾಕಿದ್ದರು? ಪೈಪು ಅದರೊಳಗಿಂದ ಒಂದು ನೂಲೆಳೆಯಷ್ಟು ಈಚೆಗೆ ಜಾರಿದ್ದು ಕಂಡಿತು. ಜಾರಿದ ಭಾಗ ಹೊಸದಾಗಿ ಕಪ್ಪಗೆ ಹೊಳೆಯುತ್ತಿತ್ತು. ನಾನು ಅದರ ಮೇಲೆ ಬಿದ್ದೆ. ಎರಡು ಪೈಪನ್ನೂ ಎರಡು ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡು, ಮೊಣಕಾಲನ್ನು ಗೋಡೆಯ ಅಂಚಿಗೆ ಕೊಟ್ಟು ಬಿದ್ದುಕೊಂಡೆ. ಅಲ್ಲಿಂದ ಅತ್ತೆ ಕಾಣುತ್ತಿರಲಿಲ್ಲ. ಪೈಪು ನಡುಗುತ್ತಿರುವವರೆಗೂ ಅವರು ಹಿಡಿದಿದ್ದಾರೆ ಎಂದರ್ಥ. ಆ ನಡುಕ ನಿಂತರೆ ಎಂಬುದೊಂದೇ ಯೋಚನೆ. ಅಷ್ಟು ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ವೆಲ್ಡರ್ ಓಡಿ ಬಂದ. ಅಂಗಿ ಬಿಚ್ಚಿ ಪೈಪಿಗೆ ಸುತ್ತಿ ಹಿಡಿದ, ಇಲ್ಲದಿದ್ದರೆ ಅದು ಕೈಯಲ್ಲಿ ನಿಲ್ಲುತ್ತಿರಲಿಲ್ಲ.

"ಅಕ್ಕಾರ, ಮ್ಯಾಲ ಜಗ್ಗಬ್ಯಾಡ್ರಿ! ಮೆಟ್ಲ ಕಡೆ ನಡಸ್ರಿ, ಮೆಟ್ಲ ಕಡೆ!"

ಇಬ್ಬರೂ ಪೈಪನ್ನು ಗೋಡೆಯ ಅಂಚಿನಗುಂಟ ಅಡ್ಡಕ್ಕೆ ಸರಿಸುತ್ತಾ ಹೋದೆವು. ನಾನು ಮಂಡಿಯಲ್ಲೇ ತೆವಳಿದೆ, ಜೋಡಣೆಯ ಮೇಲಿನ ಕೈ ತೆಗೆಯದೆ. ಮೆಟ್ಟಿಲು ಹತ್ತಿರ ಬಂದಾಗ ಅವನು ಕೆಳಗಿಳಿದು, ನೀರಿನಲ್ಲಿ ಅರ್ಧ ಮುಳುಗಿ, ಒಂದು ಕೈಯಲ್ಲಿ ಕಬ್ಬಿಣ ಹಿಡಿದು ಇನ್ನೊಂದು ಕೈ ಚಾಚಿದ. ಮೊದಲ ಸಲ ಸಿಗಲಿಲ್ಲ. ಎರಡನೇ ಸಲ ಅತ್ತೆಯ ಮುಂಗೈ ಸಿಕ್ಕಿತು. ಗಾಜಿನ ಬಳೆ ಒಡೆದು ಅವನ ಅಂಗೈಗೆ ಚುಚ್ಚಿದ್ದು ಆಮೇಲೆ ನೋಡಿದೆವು.

ಮೇಲಕ್ಕೆ ತಂದು ಮಲಗಿಸಿದಾಗ ಅತ್ತೆ ಕಂದು ನೀರು ವಾಂತಿ ಮಾಡಿದರು. ಹಣೆ ಒಡೆದಿತ್ತು. ತುಟಿ ನೀಲಿಯಾಗಿತ್ತು. ನಾನು ಅವರ ಎರಡೂ ಕೈ ಹಿಡಿದು "ಅತ್ತೆ, ಅತ್ತೆ" ಎನ್ನುತ್ತಿದ್ದೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ತಮ್ಮ ಪಾದ ನೋಡಿಕೊಂಡರು.

"ಚಪ್ಲಿ ಒಂಟೋಯ್ತು," ಎಂದರು.

ಆಗ ನಾನು ಅತ್ತುಬಿಟ್ಟೆ. ಜೋರಾಗಿ, ನಾಚಿಕೆ ಬಿಟ್ಟು. ವೆಲ್ಡರ್ ಸ್ವಲ್ಪ ದೂರ ಹೋಗಿ ನಮಗೆ ಬೆನ್ನು ಮಾಡಿ ಕೂತ.

ನಮ್ಮ ಯಜಮಾನರು ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಾರೆ. ಫೋನ್ ಮಾಡಿದ ಕೂಡಲೇ ಪ್ಯಾಸೆಂಜರನ್ನು ದಾರಿಯಲ್ಲೇ ಇಳಿಸಿ ಬಂದರು. ನರ್ಸಿಂಗ್ ಹೋಮಿನಲ್ಲಿ ಹಣೆಗೆ ಹೊಲಿಗೆ ಹಾಕಿಸಿ, ಎದೆಯ ಎಕ್ಸ್‌ರೇ ತೆಗೆಸಿದ್ದಾಯಿತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಮನೆಗೆ ಬಂದ ಮೇಲೆ ಯಜಮಾನರು, "ಸಾಕಮ್ಮ, ಹಸು ಮಾರ್ಬಿಡೋಣ," ಎಂದರು.

"ಅಸ ಮಾರಿ ನಾನೇನ್ ಮಾಡ್ಲಿ? ದಿನಾ ನಿನ್ ಕಾರ್ ತೊಳ್ಕಂಡ್ ಕೂತ್ಕಳ್ಳಾ?" ಎಂದರು ಅತ್ತೆ, ಪಕ್ಕೆ ಹಿಡಿದುಕೊಂಡು.

ಹಸುಗಳು ಉಳಿದವು. ನನ್ನ ಕೈ ಹಿಡಿತ ತಪ್ಪಿತ್ತು. ಶೆಡ್ಡಿನಲ್ಲಿ ಒತ್ತಡ ಏರಿಸುವ ಹ್ಯಾಂಡಲ್ ಹಿಡಿದವಳು ಅರ್ಧದಲ್ಲೇ ಬಿಟ್ಟು ಹಿಂದೆ ಸರಿಯುತ್ತಿದ್ದೆ. ಗೇಜಿನ ಮುಳ್ಳು ಮೇಲೇರುವುದನ್ನು ನೋಡುತ್ತಿದ್ದರೆ ಕಪ್ಪು ಪೈಪು ಜಾರಿದ್ದು ಕಣ್ಣಿಗೆ ಬರುತ್ತಿತ್ತು. ಮೇಸ್ತ್ರಿಯೇ ನೋಡಿ, ಕೇಳದೆ, ಒಂದಷ್ಟು ಕಾಲ ಪ್ಯಾಕಿಂಗ್ ಕಡೆಗೆ ಹಾಕಿದರು.

ವೆಲ್ಡರ್ ಮತ್ತು ನಮ್ಮ ಯಜಮಾನರು ಸರದಿಯ ಮೇಲೆ ದಿಬ್ಬಕ್ಕೆ ನೀರು ಹೊತ್ತರು. ಅತ್ತೆ ಗುಣವಾಗಿ ಎದ್ದು ಓಡಾಡತೊಡಗಿದ ಮೇಲೆ ನಾನೇ ಮಾತೆತ್ತಿದೆ. ಇಲ್ಲದಿದ್ದರೆ ಅವರು ಮತ್ತೆ ಬಿಂದಿಗೆ ಹಿಡಿಯುತ್ತಾರೆ, ಅಥವಾ ಯಾರಿಗೂ ಹೇಳದೆ ಮೆಟ್ಟಿಲಿಳಿಯುತ್ತಾರೆ ಎಂಬ ಭಯ. "ಪಂಪ್ ಇನ್ನೊಂದ್ಸಲ ಕಟ್ತೀನಿ ಅತ್ತೆ. ಆದ್ರೆ ಕಾಲುವೆ ಒಳಗಲ್ಲ. ಯಾರೂ ಇಳಿಯೋ ಹಾಗಿಲ್ಲ."

ಕಾಂಕ್ರೀಟ್ ಗೋಡೆ ಸ್ವಲ್ಪ ಕೆಳಗೆ ಮುಗಿಯುತ್ತದೆ. ಅಲ್ಲಿ ತಗ್ಗಿನಲ್ಲಿ ಪಕ್ಕದವರ ಪಾಳುಜಮೀನು. ಮೊದಲ ಸಲವೇ ಕೇಳಿದ್ದೆವು. ಮುಂದೆ ಪಿಜಿ ಹಾಸ್ಟೆಲ್ ಕಟ್ಟಿಸುವ ಜಾಗ ಎಂದು ಆ ಜಮೀನಿನವರು ಒಪ್ಪಿರಲಿಲ್ಲ. ಈ ಸಲ ಅತ್ತೆಯೇ ಹೋದರು. ಹಣೆಯ ಗಾಯ ಇನ್ನೂ ಕೆಂಪಗಿತ್ತು. ಜಮೀನಿನವರು ಅದನ್ನು ನೋಡಿ, "ಕಟ್ಟಡ ಏಳೋವರ್ಗೂ ಮಡಿಕೊಳ್ಳಿ ಕಣಕ್ಕ," ಎಂದರಂತೆ.

ಗೋಡೆಯಲ್ಲಿ ನೀರು ಬಸಿಯಲೆಂದು ಬಿಟ್ಟಿದ್ದ ತೂತಿನಿಂದ ಪೈಪನ್ನು ಈಚೆ ತಂದು, ಗೋಡೆಯ ಹೊರಮೈಗುಂಟ ಹೂಳಿ, ಆ ತಗ್ಗಿಗೆ ಇಳಿಸಿದೆವು. ಒಂದು ಗುಂಡಿ ತೋಡಿ ಹೊಸ ಪಂಪು ಕೂರಿಸಿದೆವು. ಅದು ಹೊರಚೆಲ್ಲುವ ನೀರು ಸಣ್ಣ ಕಾಲುವೆಯಲ್ಲಿ ಹಳ್ಳಕ್ಕೇ ವಾಪಸು. ಜಾಲರಿಗೆ ಕಸ ಸಿಕ್ಕಿದರೆ ಮೇಲಿಂದಲೇ ಬಿಡಿಸಲು ಉದ್ದನೆಯ ಬಿದಿರುಕೋಲಿಗೆ ಕೊಕ್ಕೆ.

ಚಾಲೂ ಮಾಡುವ ದಿನ ನನಗೆ ಗುಂಡಿಗೆ ಇಳಿಯಲಾಗಲಿಲ್ಲ. ಮೊಣಕಾಲುದ್ದದ ಗುಂಡಿ, ಸುತ್ತ ಒಣನೆಲ. ಆದರೂ ಅಂಚಿನಲ್ಲಿ ನಿಂತುಬಿಟ್ಟೆ. ವೆಲ್ಡರ್ "ನಾ ಮಾಡ್ಲೇನ್ರಿ?" ಎಂದ. ಬೇಡ ಎಂದು ತಲೆಯಾಡಿಸಿದೆ, ಆದರೆ ಕಾಲು ಏಳಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ಎದ್ರಿಕೆ ಆಯ್ತದಾ?"

"ಹೂಂ ಅತ್ತೆ."

"ಆಗ್ಲಿ ಬುಡು. ನಾನ್ ಸೆರಗ್ ಇಡ್ಕಂಡಿರ್ತೀನಿ, ಇಳಿ."

ಚಿಕ್ಕ ಮಗುವಿನ ಹಾಗೆ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಇಳಿದೆ. ಒತ್ತಿದೆ. ಅದು ಬಡಿಯಿತು. ನಡುಕ ಮತ್ತೆ ಮೈಯೆಲ್ಲ ಹಬ್ಬಿತು, ಆದರೆ ಬೆರಳು ತೆಗೆಯಲಿಲ್ಲ. ತಾನಾಗಿ ನಡೆಯತೊಡಗಿದ ಮೇಲೂ ಒಂದಷ್ಟು ಹೊತ್ತು ಹಾಗೇ ಕೂತಿದ್ದೆ.

ಆ ಪಂಪು ಈಗಲೂ ನಡೆಯುತ್ತಿದೆ. ರಬ್ಬರ್ ಸವೆದಾಗ ಬದಲಿಸುತ್ತೇನೆ. ಮತ್ತೆ ಪರೀಕ್ಷೆಯ ಮೇಜಿಗೆ ಬಂದಿದ್ದೇನೆ. ಎಲೆಕ್ಟ್ರಾನಿಕ್ ಸಿಟಿಯ ಕಡೆ ಮೋಡ ಕಟ್ಟಿದರೆ ಶೆಡ್ಡಿನಿಂದಲೇ ಫೋನ್ ಮಾಡಿ ಅತ್ತೆ ಎಲ್ಲಿದ್ದಾರೆ ಎಂದು ಕೇಳುತ್ತೇನೆ. "ದಿಬ್ಬದ್ ಮ್ಯಾಲವ್ನಿ, ಇನ್ನೆಲ್ಲಿಗ್ ಓಗ್ಲಿ," ಎಂದು ರೇಗುತ್ತಾರೆ. ಅವರು ಹೆದರಿದ್ದೇನೆ ಎಂದು ಯಾರೆದುರೂ ಒಪ್ಪಿಕೊಂಡವರಲ್ಲ.

ಕಳೆದ ಮಳೆಗಾಲದಲ್ಲಿ ನಾವಿಬ್ಬರೂ ಆನೇಕಲ್‌ಗೆ ಮದುವೆಗೆಂದು ಬಸ್ಸಿನಲ್ಲಿ ಹೊರಟಿದ್ದೆವು. ಜೋರು ಮಳೆ. ಸೇತುವೆಯ ಮೇಲೆ ಟ್ರಾಫಿಕ್ಕಿಗೆ ಬಸ್ಸು ನಿಂತಿತು. ಕೆಳಗೆ ನಮ್ಮದೇ ಹಳ್ಳ, ಗೋಡೆ ತುಂಬಿ ಕಂದು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಮುಂದಿನ ಸೀಟಿನ ಹೆಂಗಸಿನ ಜೊತೆ ಹೂವಿನ ಬೆಲೆಯ ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಅವರ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿ. ಮುಖ ಮಾತ್ರ ನೇರ ಮುಂದಕ್ಕೆ, ಡ್ರೈವರನ ಕಡೆಗೆ.

"ಕಿಟ್ಕಿ ಮುಚ್ಚು," ಎಂದರು. "ಎರಚ್ಲು ಒಡೀತದೆ."

ಕಿಟಕಿ ಮುಚ್ಚಿಯೇ ಇತ್ತು. ನಾನು ಕೈ ಚಾಚಿ ಗಾಜನ್ನು ಇನ್ನೊಮ್ಮೆ ಒತ್ತಿದೆ. ಬಸ್ಸು ಸೇತುವೆ ದಾಟುವವರೆಗೂ ಅವರು ಕೈ ಬಿಡಲಿಲ್ಲ.